ಮೇಷ್ಟ್ರ ನೇತೃತ್ವದಲ್ಲಿ

ಚಳಿಗಾಲದ ಭಾನುವಾರ ಬೆಳಗ್ಗೆ ಗಂಡ ಮನೆಯಲ್ಲಿರಲಿ ಎಂದು ಬಯಸುವುದು ಮಹಾಪರಾಧವೇ? ಕನ್ನಡಕದಂಗಡಿ ಯಜಮಾನರ ಮನೆಯಲ್ಲಿ ಯಜಮಾನಿತಿ ಈ ಪ್ರಶ್ನೆಯನ್ನು ಎಷ್ಟೋ ವರ್ಷಗಳಿಂದ ಕೇಳುತ್ತ ಬಂದಿದ್ದರು. ಕೇಳುತ್ತಿದ್ದದ್ದು ಗಂಡನನ್ನಲ್ಲ (ಅವರು ಮನೆಯಲ್ಲಿದ್ದರೆ ತಾನೇ!), ಒಲೆಯ ಮೇಲಿನ ಹಾಲನ್ನು. ಹಾಲು ಒಮ್ಮೊಮ್ಮೆ ಉಕ್ಕಿ ಸಹಾನುಭೂತಿ ತೋರಿಸುತ್ತಿತ್ತು.

ಯಜಮಾನರು ಆ ಹೊತ್ತಿಗೆ ಊರಾಚೆಯ ಸೇತುವೆಯ ದಾರಿಯಲ್ಲಿರುತ್ತಿದ್ದರು. ಕಿವಿ ಮುಚ್ಚುವ ಟೋಪಿ, ಕೈಗೆ ಉಣ್ಣೆಯ ಗವಸು, ಅದರ ಮೇಲೆ ಇನ್ನೊಂದು ಗವಸು, ಮೂಗಿನ ತುದಿಯಲ್ಲಿ ಬೀಳಲೋ ಬೇಡವೋ ಎಂದು ಯೋಚಿಸುತ್ತಿರುವ ಒಂದು ಹನಿ. ಈ ವೇಷದಲ್ಲಿ ಸೈಕಲ್ ತುಳಿಯುವುದಕ್ಕೆಂದೇ ಊರಿನಲ್ಲಿ ಒಂದು ಸಂಘವಿತ್ತು, ಚಳಿಗಾಲದ ಸೈಕಲ್ ಸಂಘ. ಅದನ್ನು ಕಟ್ಟಿದವರು ಡ್ರಾಯಿಂಗ್ ಮೇಷ್ಟ್ರು. “ಬೇಸಿಗೇಲಿ ಯಾರು ಬೇಕಾದ್ರೂ ಸೈಕಲ್ ತುಳೀತಾರೆ ಕಣಯ್ಯಾ. ಹಲ್ಲು ಕಟಕಟ ಅನ್ನೋವಾಗ ಹಾಸಿಗೆ ಬಿಟ್ಟು ಬರ್ತಾನಲ್ಲ, ಅವನು ಸ್ನೇಹಿತ” ಎಂಬುದು ಅವರ ವಾದ. ಆ ವಾದಕ್ಕೆ ಮರುಳಾಗಿ ಮೊದಮೊದಲು ಬೀದಿ ತುಂಬ ಜನ ಬಂದರು. ಆಮೇಲೆ ಒಬ್ಬರಿಗೆ ಮಂಡಿ, ಒಬ್ಬರಿಗೆ ಸೊಂಟ, ಒಬ್ಬರಿಗೆ ಮೊಮ್ಮಗು, ಇನ್ನೊಬ್ಬರಿಗೆ ಹೊಸ ಕಾರು, ಹೀಗೆ ಒಂದೊಂದು ಕಾಯಿಲೆ ಅಂಟಿಕೊಂಡು ಸಂಘ ಸೊರಗಿತು. ಗೂಡ್ಸ್ ರೈಲಿನ ಗಾರ್ಡ್ ಆಗಿದ್ದ ಸದಸ್ಯರೊಬ್ಬರು ನಿವೃತ್ತರಾಗಿ, ದೊಡ್ಡ ನಗರದಲ್ಲಿದ್ದ ಮಗಳ ಮನೆ ಸೇರಿದರು. ಕೊನೆಗೆ ಉಳಿದವರು ಮೇಷ್ಟ್ರು ಮತ್ತು ಯಜಮಾನರು. ಮೇಷ್ಟ್ರು ಅಧ್ಯಕ್ಷರು. ಕಾರ್ಯದರ್ಶಿ, ಸಾಮಾನ್ಯ ಸದಸ್ಯ, ಪಂಪು ಹೊರುವವ ಮತ್ತು ಸಂಘದ ಜಾಲತಾಣದ ಸಂಪಾದಕ, ಇಷ್ಟೂ ಹುದ್ದೆಗಳು ಯಜಮಾನರವು.

ಜಾಲತಾಣವನ್ನು ಹಿಂದೊಮ್ಮೆ ಗಿರಾಕಿಯೊಬ್ಬರು ಸ್ನೇಹಕ್ಕೆ ಕಟ್ಟಿಕೊಟ್ಟಿದ್ದರು. ಅದರಲ್ಲಿದ್ದ ಅರ್ಧ ಗುಂಡಿಗಳನ್ನು ಯಜಮಾನರು ಇವತ್ತಿನವರೆಗೂ ಒತ್ತಿರಲಿಲ್ಲ, ಭಯದಿಂದ. ಆದರೆ ಪ್ರತಿ ಭಾನುವಾರ ಮಧ್ಯಾಹ್ನ ಅದರಲ್ಲಿ ಸವಾರಿಯ ವರದಿ ತಪ್ಪದೆ ಬೀಳುತ್ತಿತ್ತು. ಅಂಗಡಿಯಲ್ಲಿ ದಿನವಿಡೀ “ಇದು ಸ್ಪಷ್ಟಾನಾ? ಅದು ಸ್ಪಷ್ಟಾನಾ?” ಎಂಬೆರಡು ಮಾತಿನಲ್ಲೇ ವ್ಯಾಪಾರ ಮುಗಿಸುವ ಮನುಷ್ಯ ವರದಿಗೆ ಕೂತರೆ ಮಾತ್ರ ಆಸ್ಥಾನ ಕವಿ. “ಮೇಷ್ಟ್ರ ನೇತೃತ್ವದಲ್ಲಿ ಸಂಘವು ಘೋರ ಶೈತ್ಯವನ್ನು ಭೇದಿಸಿ ಸೇತುವೆಯವರೆಗೆ ದಿಗ್ವಿಜಯ ಸಾಧಿಸಿತು” ಎಂದು ಬರೆಯುತ್ತಿದ್ದರು. ದಿಗ್ವಿಜಯವೆಂದರೆ ಸೇತುವೆ ಪಕ್ಕದ ಚಹಾದಂಗಡಿಯವರೆಗೆ.

ಈ ಸಲ ಚಳಿ ಶುರುವಾಗುವ ಮುಂಚೆಯೇ ಮೇಷ್ಟ್ರು ತೀರಿಕೊಂಡರು.

ಕಾಯಿಲೆಯಿಲ್ಲ, ಕಸಾಲೆಯಿಲ್ಲ. ವರಾಂಡದಲ್ಲಿ ಸೈಕಲ್ ಮಗುಚಿಟ್ಟು ಚೈನಿಗೆ ಎಣ್ಣೆ ಬಿಡುತ್ತ ಕೂತಿದ್ದವರು ಹಾಗೇ ಗೋಡೆಗೊರಗಿದರಂತೆ. ಅವರ ಹೆಂಡತಿ ಕಾಫಿ ತಂದು ನೋಡಿದರೆ ಹಿಂದಿನ ಚಕ್ರ ಇನ್ನೂ ಮೆಲ್ಲಗೆ ತಿರುಗುತ್ತಿತ್ತಂತೆ. ಊರಿಗೆ ಊರೇ ಬಂತು. ಎಲ್ಲ ಮುಗಿದ ಮೇಲೆ ಮೇಷ್ಟ್ರ ಹೆಂಡತಿ ಯಜಮಾನರನ್ನು ಪಕ್ಕಕ್ಕೆ ಕರೆದು, “ಗಾರ್ಡ್ ಸಾಹೇಬ್ರಿಗೆ ನೀವೇ ಹೇಳ್ಬೇಕು. ಎದೆ ಆಪರೇಷನ್ ಆಗಿದೆಯಂತೆ ಅವರಿಗೆ. ನೋಡ್ಕೊಂಡು, ನಿಧಾನವಾಗಿ ಹೇಳಿ” ಎಂದರು.

ಯಜಮಾನರು ಫೋನು ಮಾಡಿದರು. ಗಾರ್ಡ್ ಸಾಹೇಬರ ಮಗಳು ಎತ್ತಿದಳು. “ಅಂಕಲ್, ಅಪ್ಪ ಈಗ ಹುಷಾರಾಗ್ತಿದ್ದಾರೆ. ಗಾಬರಿಯಾಗೋ ಸುದ್ದಿ ಏನೂ ಬೇಡ ಅಂದಿದ್ದಾರೆ ಡಾಕ್ಟ್ರು” ಎಂದು ಮೊದಲೇ ಬೇಲಿ ಹಾಕಿ ಫೋನನ್ನು ಅಪ್ಪನಿಗೆ ಕೊಟ್ಟಳು.

“ಏನಯ್ಯಾ ಸಂಪಾದಕ, ಈ ಸಲದ ಸವಾರಿ ಯಾವಾಗಿಂದ? ಇಲ್ಲಿ ಮಲಗಿ ಮಲಗಿ ನನ್ನ ಬೆನ್ನು ಹಲಗೆ ಆಯ್ತು. ನಿನ್ನ ವರದಿ ಒಂದೇ ನಂಗೆ ದಿಕ್ಕು. ಮೇಷ್ಟ್ರು ಹೇಗಿದ್ದಾರೆ?”

“ಇದ್ದಾರೆ” ಎಂದುಬಿಟ್ಟರು ಯಜಮಾನರು.

ಒಂದೇ ಪದ. ಅದನ್ನು ವಾಪಸು ತೆಗೆದುಕೊಳ್ಳಲು ಚಳಿಗಾಲದ ಬಹುಪಾಲು ಬೇಕಾಯಿತು.

ಮುಂದಿನ ಭಾನುವಾರ ಅವರೊಬ್ಬರೇ ಸೇತುವೆಗೆ ಹೋಗಿ ಬಂದರು. ಮಧ್ಯಾಹ್ನ ಬರೆಯಲು ಕೂತಾಗ ಕೈ ತಾನಾಗಿಯೇ “ಮೇಷ್ಟ್ರ ನೇತೃತ್ವದಲ್ಲಿ” ಎಂದು ಬರೆಯಿತು. ಗಾರ್ಡ್ ಸಾಹೇಬರು ಆಸ್ಪತ್ರೆಯಿಂದ ಮನೆಗೆ ಬರುವವರೆಗೆ ಅಂದುಕೊಂಡರು. ಆಮೇಲೆ ಅವರು ಎದ್ದು ಓಡಾಡುವವರೆಗೆ. ಆಮೇಲೆ ಯಾವುದರವರೆಗೆ ಎಂದು ಕೇಳಿಕೊಳ್ಳುವುದನ್ನೇ ಬಿಟ್ಟರು. ಊರವರ್‍ಯಾರೂ ಆ ಜಾಲತಾಣದ ಕಡೆ ತಲೆ ಹಾಕುತ್ತಿರಲಿಲ್ಲವಾದ್ದರಿಂದ ಸಿಕ್ಕಿಬೀಳುವ ಭಯವಿರಲಿಲ್ಲ. ವಾರದಿಂದ ವಾರಕ್ಕೆ ಮೇಷ್ಟ್ರು ಗಟ್ಟಿಯಾಗುತ್ತ ಹೋದರು. ಬದುಕಿದ್ದಾಗ ಏರು ಬಂದರೆ ಇಳಿದು ತಳ್ಳುತ್ತಿದ್ದ ಮನುಷ್ಯ ವರದಿಯಲ್ಲಿ ಗುಡ್ಡ ಹತ್ತಿದರು. ಬೆಳ್ಳಂಬೆಳಗ್ಗೆ ನೀರಿಗೆ ಕಾಲು ಇಳಿಬಿಟ್ಟರು. ಚಹಾದಂಗಡಿಯವನಿಗೆ ಅವನದೇ ಚಿತ್ರ ಬರೆದುಕೊಟ್ಟರು. ಬರೆಯುವಷ್ಟು ಹೊತ್ತು ಯಜಮಾನರ ಕೋಣೆಯಲ್ಲಿ ಇಬ್ಬರಿರುತ್ತಿದ್ದರು. ಬರೆದು ಮುಗಿಸಿ ಕಂಪ್ಯೂಟರ್ ಮುಚ್ಚಿದಾಗ ಮತ್ತೆ ಒಬ್ಬರೇ.

ಯಜಮಾನಿತಿಗೆ ಇದೊಂದೂ ಗೊತ್ತಿಲ್ಲ. ಆಕೆ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಸ್ವಾಗತದ ಮೇಜಿನ ಹಿಂದೆ ಕೂರುವವರು. ಹಲ್ಲುನೋವಿನಿಂದ ಕಿರುಚುವವರ ಜೊತೆಗೂ “ಕೂತ್ಕೊಳ್ಳಿ, ಈಗ ಕರೀತಾರೆ” ಎಂದು ತಣ್ಣಗೆ ಮಾತಾಡಿ ರೂಢಿ. ಗಂಡ ಒಬ್ಬರೇ ಸೈಕಲ್ ಹತ್ತಿ ಹೋಗುವುದನ್ನೂ, ಕೆಂಪು ಕಣ್ಣು ಮಾಡಿಕೊಂಡು ಬಂದು “ಗಾಳಿ ಕಣೇ” ಎನ್ನುವುದನ್ನೂ ನೋಡಿ ನೋಡಿ, ಕ್ಲಿನಿಕ್ಕಿಗೆ ಬಣ್ಣ ಹೊಡೆಸಲು ನಾಲ್ಕು ದಿನ ಬಾಗಿಲು ಹಾಕುತ್ತಾರೆಂದು ತಿಳಿದಾಗ ಆಕೆ ಒಂದು ತೀರ್ಮಾನಕ್ಕೆ ಬಂದರು.

“ರೀ, ನಗರಕ್ಕೆ ಹೋಗೋಣ. ಹೋಟ್ಲಲ್ಲಿ ಉಳ್ಕೊಂಡು, ಮ್ಯೂಸಿಯಂ ನೋಡ್ಕೊಂಡು, ಬೇರೆಯವರು ತೊಳೆಯೋ ತಟ್ಟೇಲಿ ಊಟ ಮಾಡ್ಕೊಂಡು ಬರೋಣ.”

“ಭಾನುವಾರ ಸವಾರಿ ಇದೆ.”

“ಶನಿವಾರ ವಾಪಸ್ ಬರೋಣ.”

“ಅಂಗಡಿ?”

“ನೀವು ಎರಡು ದಿನ ಇಲ್ದಿದ್ರೆ ಊರಿನವರಿಗೆಲ್ಲ ಕಣ್ಣು ಹೋಗಲ್ಲ.”

“ಜಾಲತಾಣ?”

“ಅದನ್ನ ಯಾರು ಓದ್ತಾರೆ ಅಂತ?”

ಪೆಟ್ಟಿಗೆ ಕಟ್ಟಲಾಯಿತು. ಹೊರಡುವ ಮುಂಚೆ ಸಂಪಾದಕರ ಕರ್ತವ್ಯಪ್ರಜ್ಞೆ ಜಾಗೃತವಾಗಿ, ಒಂದು ಪ್ರಕಟಣೆಯನ್ನೂ ಹಾಕಿದರು: “ಸಂಪಾದಕರು ಸಪತ್ನೀಕರಾಗಿ ನಗರ ಪ್ರವಾಸ ಕೈಗೊಂಡಿರುವುದರಿಂದ ವಾರದ ನಡುವಿನ ಅಭ್ಯಾಸ ಸವಾರಿಯನ್ನು ಮೇಷ್ಟ್ರೊಬ್ಬರೇ ನಡೆಸಿಕೊಡುವರು.”

ಮೇಷ್ಟ್ರೊಬ್ಬರೇ! ಬರೆದ ಮೇಲೆ ಆ ಸಾಲನ್ನು ನೋಡುತ್ತ ಬಹಳ ಹೊತ್ತು ಕೂತರು. ಅಳಿಸಲು ಮನಸ್ಸು ಬರಲಿಲ್ಲ.

ನಗರದಲ್ಲಿ ಚಳಿ ಇನ್ನೂ ಜಾಸ್ತಿ. ಹೋಟೆಲಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಕೋಣೆ ಬಿಸಿ ಮಾಡುವ ಯಂತ್ರ ಹಳೆ ಬಸ್ಸಿನಂತೆ ಸದ್ದು ಮಾಡುತ್ತಿತ್ತೇ ಹೊರತು ಬಿಸಿಯ ವಿಷಯದಲ್ಲಿ ಬಹಳ ಜಿಪುಣ. ಆದರೂ ಯಜಮಾನಿತಿ ಖುಷಿಯಾಗಿದ್ದರು. ಮಾರನೆಯ ಬೆಳಗ್ಗೆ ತಿಂಡಿ ಮುಗಿಸಿ ಹೊರಗೆ ಬಂದರೆ, ಬಾಡಿಗೆ ಸೈಕಲ್ಲುಗಳು ಸಾಲಾಗಿ ನಿಂತಿದ್ದ ಜಾಗದಲ್ಲಿ ಗಂಡ ಒಂದು ಸೈಕಲ್ಲಿನ ಸೀಟಿನ ಮೇಲಿನ ಇಬ್ಬನಿಯನ್ನು ತೋಳಿನಿಂದ ಒರೆಸುತ್ತಿದ್ದರು.

“ಸುಮ್ನೆ ಒಂದು ಸುತ್ತು...”

“ಹತ್ತಿ ನೋಡೋಣ, ಹತ್ತಿ. ನಾನೊಬ್ಳೇ ಮ್ಯೂಸಿಯಂಗೆ ಹೋಗಿ, ಅಲ್ಲಿರೋ ಯಾವ್ದಾದ್ರೂ ರಾಜನ ಬೊಂಬೆ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ತೀನಿ. ಅದಾದ್ರೂ ಫೋಟೋದಲ್ಲಿ ನಗ್ತಿರತ್ತೆ.”

ಯಜಮಾನರು ಕೈ ಹಿಂದಕ್ಕೆಳೆದುಕೊಂಡರು. ಮ್ಯೂಸಿಯಮ್ಮಿನಲ್ಲಿ ಹಳೆ ಗಡಿಯಾರಗಳ ಮುಂದೆ ನಿಂತಿದ್ದಾಗ ಅವರ ಫೋನು ಬಡಿದುಕೊಂಡಿತು. ಫೋನು ಯಜಮಾನಿತಿಯ ಕೈಚೀಲದಲ್ಲಿತ್ತು (ಪ್ರವಾಸದಲ್ಲಿ ಗಂಡ ಅದನ್ನು ಮುಟ್ಟಕೂಡದೆಂಬ ಕರಾರಿನಂತೆ). ಆಕೆಯೇ ಎತ್ತಿದರು.

“ಅಯ್ಯೋ ಗಾರ್ಡಣ್ಣಾ! ಹೌದಣ್ಣಾ, ಇಲ್ಲೇ ಇದ್ದೀವಿ. ನಿಮಗೆ ಹೇಗೆ ಗೊತ್ತಾಯ್ತು? ವೆಬ್‌ಸೈಟಲ್ಲಾ? ಅದನ್ನ ಓದ್ತೀರಾ ನೀವು! ಬರ್ತೀವಿ, ಖಂಡಿತ ಬರ್ತೀವಿ. ಇವತ್ತೇ ಮಧ್ಯಾಹ್ನ.”

ಫೋನಿಟ್ಟು ತಿರುಗಿದರೆ ಗಂಡನ ಮುಖ ಗಡಿಯಾರದ ಬಿಳಿ ಬಿಲ್ಲೆಯ ಹಾಗಾಗಿತ್ತು.

“ಇವತ್ತು ಬೇಡ ಕಣೇ. ನಂಗ್ಯಾಕೋ ತಲೆ ನೋವು.”

“ಬೆಳಗ್ಗೆ ಸೈಕಲ್ ನೋಡ್ದಾಗ ಇರ್ಲಿಲ್ಲ ತಲೆನೋವು. ಎದೆ ಸೀಳಿಸಿಕೊಂಡು ಎದ್ದಿರೋ ಮನುಷ್ಯ ಕರೀತಿದ್ದಾರೆ. ನಡೀರಿ.”

ಗಾರ್ಡ್ ಸಾಹೇಬರ ಮಗಳ ಮನೆ ನಾಲ್ಕನೇ ಮಹಡಿಯಲ್ಲಿ. ಮಗಳು ಕೆಲಸಕ್ಕೆ ಹೋಗಿದ್ದಳು. ಪಕ್ಕದ ಮನೆಯಾಕೆ ಬಂದು ಬಾಗಿಲು ತೆರೆದುಕೊಟ್ಟಳು. ಒಳಗೆ ಗಾರ್ಡ್ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಬಲಗಾಲಿಗೆ ತೊಡೆಯವರೆಗೆ ಪ್ಲಾಸ್ಟರು. ಕುತ್ತಿಗೆಯಲ್ಲಿ ರೈಲ್ವೆ ಕಾಲದ ಸೀಟಿ. ನೀರು ಬೇಕಾದರೆ ಅದನ್ನೇ ಊದುತ್ತಾರಂತೆ.

“ಆಪರೇಷನ್ ಎದೆಗೆ ಅಂದ್ರಲ್ಲ ಅಣ್ಣಾ! ಕಾಲಿಗೇನಾಯ್ತು?” ಎಂದರು ಯಜಮಾನಿತಿ.

“ಎದೆ ಸರಿಯಾಯ್ತು ತಂಗೀ. ಇದು ನಿನ್ನ ಗಂಡನ ಕೃಪೆ.” ಗಾರ್ಡ್ ಸಾಹೇಬರು ಪ್ಲಾಸ್ಟರಿನ ಮೇಲೆ ಹೆಮ್ಮೆಯಿಂದ ಕುಟ್ಟಿದರು. “ನಮ್ಮ ಮೇಷ್ಟ್ರಿಗೆ ನನಗಿಂತ ವಯಸ್ಸು ಜಾಸ್ತಿ. ಅಂಥವರು ಈ ಚಳೀಲಿ ಗುಡ್ಡ ಹತ್ತುತಾ ಇದ್ದಾರೆ. ಹೋದ ಭಾನುವಾರ ಏನು ಬರೆದಿದ್ದೆಯಯ್ಯಾ? ಹಾಂ, ‘ಮೇಷ್ಟ್ರು ಕೈ ಬಿಟ್ಟು ಸೈಕಲ್ ಹೊಡೆದರು’ ಅಂತ! ನಾನು ಮಂಚದ ಮೇಲೆ ಬಿದ್ಕೊಂಡಿರೋದಾ? ಡಾಕ್ಟ್ರು ‘ಸ್ವಲ್ಪ ಸ್ವಲ್ಪ ನಡೀರಿ’ ಅಂದ್ರು. ನಾನು ಅಳಿಯನ ಸೈಕಲ್ ತಗೊಂಡು ಹೊರಟೆ. ನಾನೂ ಕೈ ಬಿಟ್ಟೆ.”

ಯಜಮಾನಿತಿ ನಗಲಿಲ್ಲ. ನಿಧಾನವಾಗಿ ಗಂಡನ ಕಡೆ ತಿರುಗಿದರು. ಯಜಮಾನರು ಗೋಡೆಯ ಮೇಲಿದ್ದ ಕ್ಯಾಲೆಂಡರಿನಲ್ಲಿ ಅತ್ಯಂತ ಆಸಕ್ತಿ ತಳೆದಿದ್ದರು.

“ಹೋದ ಭಾನುವಾರಾನಾ ಅಣ್ಣಾ?” ಎಂದು ಆಕೆ ಕೇಳಿದರು. ಕ್ಲಿನಿಕ್ಕಿನ ತಣ್ಣನೆಯ ದನಿ.

“ಹೂಂ ಮತ್ತೆ! ನೀನು ಓದೋದಿಲ್ವಾ? ಎಂಥಾ ಬರವಣಿಗೆ ಅಂತೀಯ! ಆಸ್ಪತ್ರೇಲಿ ನಾನು ಬದುಕಿದ್ದೇ ಅದರಿಂದ. ಈ ವಾರ ಅವರು ಎಲ್ಲಿಗೆ ಹೋಗಿರ್ತಾರೆ ಅಂತ ಯೋಚ್ನೆ ಮಾಡ್ತಾ ಮಾಡ್ತಾ ನಿದ್ದೆ ಹತ್ತೋದು. ಈಗ ಒಂದು ಕೆಲ್ಸ ಮಾಡು, ಮೇಷ್ಟ್ರಿಗೆ ಫೋನ್ ಹಚ್ಚು. ನಾನು ಮಾಡಿದ್ರೆ ಅವರ ನಂಬರ್ ಹೋಗ್ತಾನೇ ಇಲ್ಲ. ನನ್ನ ಕಾಲಿನ ಕಥೆ ನಾನೇ ಹೇಳ್ತೀನಿ. ನಗ್ತಾ ನಗ್ತಾ ಬಿದ್ದೋಗ್ಬೇಕು ಮನುಷ್ಯ.”

ಫೋನು ಯಜಮಾನಿತಿಯ ಚೀಲದಲ್ಲಿತ್ತು. ಆಕೆ ಅದನ್ನು ತೆಗೆದು ಗಂಡನ ಕೈಗಿಟ್ಟರು. ಬೈಯಲಿಲ್ಲ. ಆದರೆ ಅವರ ತೋಳು ಹಿಡಿದುಕೊಂಡೇ ನಿಂತರು.

ಯಜಮಾನರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಗಾರ್ಡ್ ಸಾಹೇಬ್ರೇ, ಆ ನಂಬರ್ ಇನ್ನು ಹೋಗಲ್ಲ” ಎಂದರು.

“ಬದಲಾಯಿಸಿದ್ರಾ?”

“ಇಲ್ಲ.”

ಗಾರ್ಡ್ ಸಾಹೇಬರ ಕೈ ಪ್ಲಾಸ್ಟರಿನ ಮೇಲೆ ಕುಟ್ಟುತ್ತಿದ್ದದ್ದು ನಿಂತಿತು. ಕೆಳಗೆ ಬೀದಿಯಲ್ಲಿ ಯಾವುದೋ ವಾಹನ ಹಿಂದಕ್ಕೆ ಚಲಿಸುತ್ತ ಕುಂಯ್ ಕುಂಯ್ ಎನ್ನುತ್ತಿತ್ತು.

“ಯಾವಾಗ?”

“ಚಳಿ ಶುರುವಾಗೋ ಮುಂಚೆ. ನೀವು ಆಸ್ಪತ್ರೇಲಿದ್ರಿ. ಹೇಳೋಕ್ಕೆ ಅಂತಾನೇ ಫೋನ್ ಮಾಡಿದ್ದೆ. ಆಗ್ಲಿಲ್ಲ. ಆಮೇಲೆ... ಆಮೇಲೆ ನನಗೇ ಬೇಡವಾಯ್ತು.”

“ಹಾಗಾದ್ರೆ ಇಷ್ಟು ದಿನ ನಾನು ಯಾರ ಜೊತೆ ಪಂದ್ಯ ಕಟ್ಟಿದ್ದೆ?” ಎಂದರು ಗಾರ್ಡ್ ಸಾಹೇಬರು. ಕೋಪದಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ. ಆಮೇಲೆ, “ತಂಗೀ, ಕುರ್ಚಿ ಸ್ವಲ್ಪ ಕಿಟಕಿ ಕಡೆ ತಿರುಗ್ಸಮ್ಮಾ” ಎಂದರು.

ಯಜಮಾನಿತಿ ಕುರ್ಚಿ ತಿರುಗಿಸಿದರು. ಗಾರ್ಡ್ ಸಾಹೇಬರು ಇಬ್ಬರಿಗೂ ಬೆನ್ನು ಮಾಡಿಕೊಂಡು ಕೂತರು. ಯಜಮಾನಿತಿ ಅಡುಗೆಮನೆ ಹುಡುಕಿಕೊಂಡು ಹೋಗಿ ಚಹಾ ಮಾಡಿ ತಂದರು. ಅದು ಆರಿತು. ಮತ್ತೆ ಬಿಸಿ ಮಾಡಿ ತಂದರು. ಅದನ್ನು ಗಾರ್ಡ್ ಸಾಹೇಬರು ಕುಡಿದರು.

ಹೊರಡುವಾಗ ಅವರು ತಲೆ ತಿರುಗಿಸದೆಯೇ ಹೇಳಿದರು: “ಇವತ್ತೇ ಬರಿ. ಸುಳ್ಳನ್ನ ಅಷ್ಟು ಚೆನ್ನಾಗಿ ಬರೆದೆಯಲ್ಲ, ನಿಜಾನೂ ಒಂದ್ಸಲ ಬರಿ. ನಾನು ಓದ್ಬೇಕು.”

ಬೀದಿಗಿಳಿದ ಮೇಲೆ ಬೈಗುಳ ಶುರುವಾಗುತ್ತದೆಂದು ಯಜಮಾನರು ಕತ್ತು ಕುಗ್ಗಿಸಿ ಕಾದರು. ಒಂದು ಬೀದಿ ಕಳೆಯಿತು. ಎರಡು ಕಳೆದವು.

“ಬೈಯೇ” ಎಂದರು ಕೊನೆಗೆ. ತಡೆಯಲಾಗಲಿಲ್ಲ.

“ಒಂದು ಮಾತು ನನ್ ಹತ್ರ ಹೇಳ್ಬಾರ್ದಿತ್ತಾ? ಆ ಹಾಳು ವೆಬ್‌ಸೈಟಿಗೆ ಹೇಳ್ಕೊಂಡು ಕೂತ್ರಲ್ಲ” ಎಂದರು ಯಜಮಾನಿತಿ. ಅಂಗಡಿ ಸಾಲಿನಲ್ಲಿ ಆಕೆ ಬೆಳಗ್ಗೆ ನೋಡಿಟ್ಟಿದ್ದ ಕೋಟು ಇನ್ನೂ ತೂಗುತ್ತಿತ್ತು. ಇಬ್ಬರೂ ಅದರ ಮುಂದೆಯೇ ಹಾದುಹೋದರು, ಯಾರೂ ನೋಡಲಿಲ್ಲ.

ಸಂಜೆ ಹೋಟೆಲಿನ ಮಂಚದ ಮೇಲೆ ಕೂತು ಯಜಮಾನರು ಫೋನಿನಲ್ಲೇ ಬರೆದರು. ಅಲಂಕಾರ ಒಂದೂ ಬರಲಿಲ್ಲ. ಶೈತ್ಯವೂ ಇಲ್ಲ, ದಿಗ್ವಿಜಯವೂ ಇಲ್ಲ. “ನಮ್ಮ ಸಂಘದ ಗೆಳೆಯರು ಹೋಗಿಬಿಟ್ಟರು. ಅವರಿಲ್ಲದೆ ಸೇತುವೆಯ ದಾರಿ ಬಹಳ ಉದ್ದ. ಅವರ ಪಕ್ಕದಲ್ಲಿ ತುಳಿಯುವಾಗ ಇಬ್ಬರೂ ಮಾತಾಡದೆ ಎಷ್ಟೋ ದೂರ ಹೋಗುತ್ತಿದ್ದೆವು. ಈಗ ಮಾತಾಡದೆ ಇರಲು ಜೊತೆಗೆ ಯಾರೂ ಇಲ್ಲ.” ಹೀಗೇ ಇನ್ನು ಕೆಲವು ಸಾಲು. ಕೊನೆಗೆ, “ಇದನ್ನು ಹೇಳಲು ಧೈರ್ಯ ಸಾಲದೆ ತಡವಾಯಿತು, ಕ್ಷಮಿಸಿ.” ಎಲ್ಲೂ ಹೆಸರು ಹಾಕಲಿಲ್ಲ. ಆ ಹೆಸರಿನ ಮುಂದೆ ‘ದಿವಂಗತ’ ಎಂದು ಸೇರಿಸಬೇಕಾಗುತ್ತಿತ್ತು, ಅದಕ್ಕೆ ಬೆರಳು ಒಪ್ಪಲಿಲ್ಲ. ಗಂಡ ಓದಿ ಹೇಳಿದ್ದನ್ನು ಯಜಮಾನಿತಿ ಪಕ್ಕದಲ್ಲಿ ಕೂತು ಕೇಳಿಸಿಕೊಂಡರು. “ಹಾಕಿ” ಎಂದರು.

ಜಾಲತಾಣದ ಒತ್ತದ ಗುಂಡಿಗಳಲ್ಲಿ ‘ಶ್ರದ್ಧಾಂಜಲಿ’ ಎಂಬುದೂ ಒಂದು. ಯಜಮಾನರು ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಕನ್ನಡಕ ಹಾಕಿಕೊಳ್ಳದೆಯೇ ಅದನ್ನು ಒತ್ತಿದರು. ಅಲ್ಲಿ ತಪ್ಪಾಯಿತು. ಆ ಗುಂಡಿ ಒತ್ತಿದರೆ ಫೋಟೋ ಸೇರಿಸಬೇಕು. ಸೇರಿಸದಿದ್ದರೆ ಅದು ತಾನಾಗಿಯೇ ಬರೆದವರ ಫೋಟೋ ತೆಗೆದುಕೊಂಡು, ಸುತ್ತ ಕಪ್ಪು ಚೌಕಟ್ಟು ಹಾಕಿ, ಕೆಳಗೆ ಒಂದು ಹೂವಿಟ್ಟುಬಿಡುತ್ತದೆ. ಹಾಗೆಯೇ ಮಾಡಿತು. ಅದನ್ನು ಓದಿದ ಗಾರ್ಡ್ ಸಾಹೇಬರು ಹಳೆ ಸದಸ್ಯರಿಗೆಲ್ಲ “ಓದಿ, ಎಲ್ಲರೂ ಓದಿ” ಎಂದು ಕಳಿಸಿದರು. ಮೇಷ್ಟ್ರು ಹೋದದ್ದು ಊರವರಿಗೆ ಹಳೆ ಸುದ್ದಿ. ಹಾಗಾದರೆ ಈಗ ಹೋದವರು ಯಾರು? ಫೋಟೋ ಕಣ್ಣೆದುರಿಗೇ ಇತ್ತು. ಅನುಮಾನವಿದ್ದ ಒಂದಿಬ್ಬರು ಹೋಗಿ ನೋಡಿ ಬಂದರು. ಮನೆಗೆ ಬೀಗ, ಅಂಗಡಿಗೂ ಬೀಗ.

ಶನಿವಾರ ರೈಲು ನಗರ ಬಿಡುತ್ತಿದ್ದಂತೆ ಫೋನು ಶುರುವಾಯಿತು. ಯಜಮಾನಿತಿ ಎತ್ತಿದರು.

“ಇಲ್ಲ ಇಲ್ಲ, ಅವರಿಗೇನೂ ಆಗಿಲ್ಲ. ಇಲ್ಲೇ ನನ್ನ ಪಕ್ಕದಲ್ಲಿದ್ದಾರೆ.”

ಆ ಕಡೆಯಿಂದ ಬಿಕ್ಕುವ ಸದ್ದು. “ಹೌದಮ್ಮಾ. ಯಾವಾಗ್ಲೂ ನಿನ್ನ ಪಕ್ಕದಲ್ಲೇ ಇರ್ತಾರೆ. ಧೈರ್ಯ ತಗೋ.”

ಎರಡನೆಯದು ಯಜಮಾನಿತಿಯ ತಮ್ಮನದು. ಅತ್ತು ಕರೆದು ರಂಪ ಮಾಡಿದ ಅವನ ಕಿವಿಗೆ ಫೋನಿನಲ್ಲೇ ಯಜಮಾನರು “ನಾನು ಕಣಯ್ಯಾ” ಎಂದಾಗ, ಅಕ್ಕ ಹೀಗೆಲ್ಲ ತಮಾಷೆ ಮಾಡಬಾರದೆಂದು ಅಕ್ಕನಿಗೇ ಬೈದು ಇಟ್ಟ. ಮೂರನೆಯ ಕರೆ ಒಬ್ಬ ಗಿರಾಕಿಯದು. ತುಂಬ ದುಃಖವಾಯಿತಂತೆ, ಅಷ್ಟು ಒಳ್ಳೆಯ ಮನುಷ್ಯ ಸಿಗುವುದಿಲ್ಲವಂತೆ, ಹೋಗುವ ಮುಂಚೆ ಈ ಗಿರಾಕಿಯ ಕನ್ನಡಕಕ್ಕೆ ಗಾಜು ಕೂರಿಸಿದ್ದರೇ ಹೇಗೆ?

“ಕೂರ್ಸಿದ್ದೀರಾ?” ಎಂದು ಯಜಮಾನಿತಿ ಗಂಡನನ್ನು ಕೇಳಿದರು.

“ಇಲ್ಲ” ಎಂದರು ಯಜಮಾನರು ಕ್ಷೀಣವಾಗಿ.

ಕೊನೆಗೆ ಗಾರ್ಡ್ ಸಾಹೇಬರ ಕರೆ ಬಂತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಮೊದಲು ತಿಳಿಯಲಿಲ್ಲ. “ಅಲ್ಲಯ್ಯಾ, ಪಟ ನಿಂದೇ ಹಾಕ್ಕೊಂಡಿದ್ದೀಯ! ನಾನು ಓದೋ ಗಡಿಬಿಡೀಲಿ ಪಟ ನೋಡ್ಲಿಲ್ಲ. ಊರವರು ಪಟ ನೋಡೋ ಗಡಿಬಿಡೀಲಿ ಓದ್ಲೇ ಇಲ್ಲ!” ಆಮೇಲೆ ದನಿ ಇಳಿಯಿತು. “ಚೆನ್ನಾಗಿ ಬರ್ದಿದ್ದೀಯ ಕಣಯ್ಯಾ. ಆ ಮಾತಾಡದೆ ಹೋಗೋ ವಿಷ್ಯ... ಹೌದು. ಹಾಗೇ ಇದ್ರು.”

ಯಜಮಾನರು ಪಟ ಬದಲಾಯಿಸಲು ಹೋದರು. ಜಾಲತಾಣ ಗುಪ್ತಪದ ಕೇಳಿತು. ಗಾಬರಿಯಲ್ಲಿ ಅದು ಮರೆತುಹೋಗಿತ್ತು. ರೈಲು ಸುರಂಗ ಹೊಕ್ಕಿತು. ಯಜಮಾನರು ಕಪ್ಪು ಚೌಕಟ್ಟಿನೊಳಗೆ ಹಾಗೇ ಉಳಿದರು.

ಭಾನುವಾರ ಬೆಳಗ್ಗೆ ಬಾಗಿಲು ತೆರೆದ ಯಜಮಾನಿತಿ, ಒಳಗೆ ತಿರುಗಿ, “ರೀ, ನಿಮ್ಮನ್ನ ನೋಡೋಕ್ಕೆ ಬಂದಿದ್ದಾರೆ” ಎಂದರು.

ಮಂಜಿನಲ್ಲಿ ಬೀದಿ ತುಂಬ ಸೈಕಲ್ಲುಗಳು. ಮಂಡಿಯವರು, ಸೊಂಟದವರು, ಮೊಮ್ಮಗುವಿನವರು, ಹೊಸ ಕಾರಿನವರು, ಎಲ್ಲರೂ ಇದ್ದರು. ಕೆಲವರ ಸೈಕಲ್ಲಿಗೆ ಅಟ್ಟದ ದೂಳು ಹಾಗೇ ಅಂಟಿತ್ತು. ಸಂಘದ ಕೊನೆಯ ಮನುಷ್ಯನನ್ನು ಸೈಕಲ್ ಮೇಲೇ ಬೀಳ್ಕೊಡಬೇಕೆಂದು ನಿಶ್ಚಯಿಸಿ ಬಂದಿದ್ದರು. ಕೊನೆಯ ಮನುಷ್ಯ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಹೊಸ್ತಿಲ ಮೇಲೆ ಪ್ರತ್ಯಕ್ಷನಾದಾಗ ಒಬ್ಬಾಕೆ ಕಿಟ್ಟನೆ ಕಿರುಚಿದಳು. ಮಿಕ್ಕವರ ಮುಖದಲ್ಲಿ ಮೂಡಿದ್ದು ಸಂತೋಷ ಎನ್ನಬೇಕು. ಆದರೆ ಅದರ ಹಿಂದೆಯೇ ಇನ್ನೊಂದು ಭಾವವೂ ಇಣುಕಿತು. ಈ ಚಳಿಯಲ್ಲಿ, ಇಷ್ಟು ಬೇಗ ಎದ್ದು ಬಂದದ್ದು ಇದಕ್ಕಾ?

“ಬದುಕಿದ್ದರೆ ಮೊದ್ಲೇ ತಿಳಿಸೋದಲ್ವೇನ್ರೀ?” ಎಂದರು ಸೊಂಟದವರು ನೊಂದುಕೊಂಡು.

ಯಜಮಾನರು ಒಬ್ಬೊಬ್ಬರ ಹತ್ತಿರವೂ ಕ್ಷಮೆ ಕೇಳುತ್ತ ಹೋದರು, ಸಾಯದೇ ಇದ್ದದ್ದಕ್ಕೆ. ಗುಂಪಿನ ತುದಿಯಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದರು. ಅವರ ಕೈಯಲ್ಲಿ ಮೇಷ್ಟ್ರ ಸೈಕಲ್ಲಿತ್ತು.

“ನಾನು ಪೂರ್ತಿ ಓದ್ದೆ. ಅವರ ಬಗ್ಗೇನೇ ಅಂತ ಗೊತ್ತಾಯ್ತು” ಎಂದರು ಅವರು ಮೆಲ್ಲಗೆ. “ಇದನ್ನ ಅಲ್ಲೇ ಗೋಡೆಗೆ ಒರಗಿಸಿ ಇಟ್ಟಿದ್ದೆ. ದಿನಾ ನೋಡೋಕ್ಕಾಗಲ್ಲ. ಯಾರಾದ್ರೂ ತುಳೀಲಿ.”

ಯಾರೂ ಮುಂದೆ ಬರಲಿಲ್ಲ. ಯಜಮಾನರು ಆ ಹ್ಯಾಂಡಲ್ಲನ್ನು ನೋಡಿದರು, ಮುಟ್ಟಲಾಗಲಿಲ್ಲ. ಆಗ ಯಜಮಾನಿತಿ ಒಳಗೆ ಹೋಗಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಬಂದರು. “ಕೊಡಿ ಅಕ್ಕಾ, ನಾನು ಹತ್ತುತೀನಿ. ಶಾಲೇಲಿದ್ದಾಗ ತುಳೀತಿದ್ದೆ” ಎಂದರು. ಎರಡು ಸಲ ಓಲಾಡಿ, ಒಂದು ಕಾಂಪೌಂಡು ತಾಗಿ, ಮೂರನೆಯ ಸಲಕ್ಕೆ ನೆಟ್ಟಗಾದರು. ಅವರ ಹಿಂದೆ ಎಲ್ಲರೂ ಹೊರಟರು. ಯಾರೂ ಹೆಚ್ಚು ಮಾತಾಡಲಿಲ್ಲ. ಚೈನುಗಳ ಸದ್ದು, ಏದುಸಿರು, ಬಾಯಿಂದ ಬರುವ ಬಿಳಿ ಹಬೆ, ಅಷ್ಟೇ.

ಸೇತುವೆ ಪಕ್ಕದ ಚಹಾದಂಗಡಿಯಲ್ಲಿ ಸಂಘದ ತುರ್ತುಸಭೆ ತಾನಾಗಿಯೇ ಸೇರಿತು. ಜಾಲತಾಣವನ್ನು ಯಜಮಾನರ ಕೈಯಲ್ಲಿ ಬಿಟ್ಟರೆ ಮುಂದಿನ ವಾರ ಯಾರು ಸಾಯುತ್ತಾರೋ, ಯಾರು ಎದ್ದು ಕೂರುತ್ತಾರೋ ಹೇಳಲಾಗದು ಎಂಬ ಬಗ್ಗೆ ಸರ್ವಾನುಮತವಿತ್ತು. ಸಂಪಾದಕತ್ವವನ್ನು ಯಜಮಾನಿತಿಗೆ ವಹಿಸಲಾಯಿತು. ಯಜಮಾನರು ಆಕ್ಷೇಪಣೆ ಎತ್ತಲು ಎದ್ದು ನಿಂತರು, ಆದರೆ ಆ ಹೊತ್ತಿಗೆ ಎಲ್ಲರೂ ಚಪ್ಪಾಳೆ ತಟ್ಟಿಯಾಗಿತ್ತು.

ಹೊಸ ಸಂಪಾದಕರು ಆ ಮಧ್ಯಾಹ್ನವೇ ಗಂಡನ ತಲೆಯಿಂದ ಗುಪ್ತಪದವನ್ನು ಹಲ್ಲು ಕಿತ್ತ ಹಾಗೆ ಕಿತ್ತು ಹೊರತೆಗೆದು, ಮೊದಲು ಮೇಷ್ಟ್ರ ಫೋಟೋವನ್ನು ಅದರ ಜಾಗದಲ್ಲಿಟ್ಟರು. ಆಮೇಲೆ ವರದಿ ಬರೆದರು. ಗಂಡನಿಗೆ ತೋರಿಸದೆಯೇ ಹಾಕಿದರು. ಅದನ್ನು ಮೇಷ್ಟ್ರ ಹೆಂಡತಿ ಓದಿದರು, ನಗರದಲ್ಲಿ ಗಾರ್ಡ್ ಸಾಹೇಬರು ಓದಿದರು, ಅಂದು ಊರಿಗೆ ಊರೇ ಓದಿತು. ಯಜಮಾನರು ಎಲ್ಲರಿಗಿಂತ ಕೊನೆಗೆ, ಸೋಮವಾ­ರ ಅಂಗಡಿಯಲ್ಲಿ, ಗಿರಾಕಿಯೊಬ್ಬರು ಫೋನು ಮುಂದೆ ಹಿಡಿದಾಗ ಓದಿದರು:

“ಈ ವಾರ ಬಹಳ ಜನ ಬಂದಿದ್ದರು. ಎಲ್ಲರೂ ಜೀವಂತ. ಮೇಷ್ಟ್ರು ಬರಲಿಲ್ಲ, ಇನ್ನು ಬರುವುದಿಲ್ಲ. ಮಾಜಿ ಸಂಪಾದಕರು ವಾಪಸು ಬರುವಾಗ ಸೇತುವೆಯ ಇಳಿಜಾರಿನಲ್ಲಿ ಜಾರಿ ಬಿದ್ದರು. ಎತ್ತಿ ಕೂರಿಸಿದಾಗ ಸೊಂಟದವರ ಹೆಗಲ ಮೇಲೆ ತಲೆಯಿಟ್ಟು ಮಕ್ಕಳ ಹಾಗೆ ಗಟ್ಟಿಯಾಗಿ ಅತ್ತರು. ಮಂಡಿ ತರಚಿದ್ದಕ್ಕೆ ಎಂದು ಅವರು ಹೇಳುತ್ತಾರೆ. ಮಂಡಿಯನ್ನು ನಾನು ನೋಡಿದ್ದೇನೆ, ಏನೂ ಆಗಿಲ್ಲ.”